ಹನ್ನೆರಡನೇ ನಂಬರಿನ ಯಂತ್ರ ಮತ್ತು ಮದ್ದೂರಿನ ಕಬೀರ್

ಕಬೀರ್ ಕಳ್ಳರಲ್ಲ. ಈ ಮಾತನ್ನು ಮೊದಲ ಸಾಲಿನಲ್ಲೇ ಬರೆಯಬೇಕಾಗಿ ಬಂದದ್ದಕ್ಕೆ ನನಗೆ ನಾಚಿಕೆಯೂ ಇದೆ, ಸಿಟ್ಟೂ ಇದೆ. ಆದರೆ ಮದ್ದೂರಿನ ಟೀ ಅಂಗಡಿಗಳಲ್ಲಿ ಕಳೆದ ವರ್ಷದಿಂದ "ಸರ್ಕಾರಿ ಕಂಪ್ಯೂಟರು ಬಚ್ಚಿಟ್ಟಿದ್ದ ಸಾಬ್ರು" ಎಂಬ ಮಾತು ಓಡಾಡುತ್ತಿದೆ. ನಡೆದದ್ದನ್ನು ತಾರೀಖಿನ ಸಮೇತ ಬಲ್ಲವನು ನಾನೊಬ್ಬನೇ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಹೊನ್ನಯ್ಯ, ಮಂಡ್ಯದ ಗುತ್ತಲಿನ ನಿವಾಸಿ. ಮಳವಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ವ್ಯವಸ್ಥಾಪಕನಾಗಿದ್ದು ೨೦೦೬ರ ಜೂನ್ ೩೦ರಂದು ನಿವೃತ್ತನಾದೆ. ಕಚೇರಿಯ ಹೆಸರು ಇಲ್ಲಿ ಬೇಕಿಲ್ಲ. ಕಬೀರ್ ನನಗಿಂತ ಹದಿನೈದು ವರ್ಷ ಚಿಕ್ಕವರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವರನ್ನು ಏಕವಚನದಲ್ಲೇ ಮಾತನಾಡಿಸಿದ್ದೇನೆ. ಎದುರು ಕೂತಾಗ ಈಗಲೂ ನಾಲಿಗೆ ಬದಲಾಗದು. ಬರಹದಲ್ಲಾದರೂ ಬಹುವಚನ ಸಲ್ಲಿಸುತ್ತೇನೆ.

ಅವರು ಹುಟ್ಟಿದ್ದು ೧೯೬೩ರಲ್ಲಿ, ಮದ್ದೂರಿನಲ್ಲಿ. ತಂದೆ ಅತೀಕ್ ಬೆರಳಚ್ಚು ಯಂತ್ರಗಳ ರಿಪೇರಿಯವರು. ಆಗ ಮಂಡ್ಯ, ಮದ್ದೂರು, ಮಳವಳ್ಳಿಯ ಬಹುಪಾಲು ಕಚೇರಿಗಳ ಯಂತ್ರಗಳು ಅವರ ಕೈಯಲ್ಲಿದ್ದವು. ಸೋಮವಾರ ಮಂಡ್ಯ, ಮಂಗಳವಾರ ಬುಧವಾರ ಮದ್ದೂರು, ಗುರುವಾರ ಮಳವಳ್ಳಿ. ಶುಕ್ರವಾರ ರಜೆ. ಹೆಗಲಿಗೆ ಒಂದು ಖಾಕಿ ಚೀಲ. ಅದರಲ್ಲಿ ಸಣ್ಣ ತಿರುಪುಳಿಗಳು, ಬ್ರಷ್ಷು, ಸೀಮೆಎಣ್ಣೆಯ ಬಾಟಲಿ, ಹೊಲಿಗೆ ಯಂತ್ರದ ಎಣ್ಣೆ. ಹದಿನಾರನೇ ವಯಸ್ಸಿಗೆ ಕಬೀರ್ ತಂದೆಯ ಜೊತೆ ಬಸ್ಸು ಹತ್ತಿದರು. ೧೯೮೭ರಲ್ಲಿ ತಂದೆ ತೀರಿಕೊಂಡ ಮೇಲೆ ಅದೇ ಚೀಲ, ಅದೇ ವಾರ, ಅದೇ ಬಸ್ಸು.

ನಮ್ಮ ಕಚೇರಿಗೆ ಮೊದಲ ಕಂಪ್ಯೂಟರು ಬಂದದ್ದು ೧೯೯೧ರ ನವೆಂಬರಿನಲ್ಲಿ. ಕಚೇರಿಯ ಆಸ್ತಿ ವಹಿಯಲ್ಲಿ, ಅಂದರೆ ಕುರ್ಚಿಯಿಂದ ಹಿಡಿದು ಗಡಿಯಾರದವರೆಗೆ ಸರ್ಕಾರದ ಸಾಮಾನುಗಳನ್ನೆಲ್ಲ ನಮೂದಿಸುವ ದಪ್ಪ ಪುಸ್ತಕದಲ್ಲಿ, ಅದಕ್ಕೆ ಹನ್ನೆರಡನೇ ನಂಬರು ಬಂತು. ಆ ನಂಬರನ್ನು ಬಿಳಿ ಎನಾಮೆಲ್ ಬಣ್ಣದಲ್ಲಿ ಪೆಟ್ಟಿಗೆಯ ಬೆನ್ನಿಗೆ ಬರೆಸಿದವನು ನಾನೇ. ಪರದೆಯ ಮೇಲೆ ಅರಿಸಿನ ಬಣ್ಣದ ಅಕ್ಷರ ಮೂಡುತ್ತಿತ್ತು. ಕನ್ನಡ ಮೂಡಿಸಲು ಒಳಗೆ ಬೇರೆಯೇ ಒಂದು ಕಾರ್ಡು ಹಾಕಿದ್ದರು. ಆದರೆ ಕೀಲಿಮಣೆಯ ಮೇಲಿದ್ದುದು ಬರೀ ಇಂಗ್ಲಿಷ್ ಅಕ್ಷರ. ನಮ್ಮ ಇಬ್ಬರು ಬೆರಳಚ್ಚುಗಾರರು ಅದನ್ನು ಮುಟ್ಟಲೂ ಒಪ್ಪಲಿಲ್ಲ.

ಆ ಗುರುವಾರ ಬಂದ ಕಬೀರ್ ಕೀಲಿಮಣೆಯನ್ನು ಎತ್ತಿ ತೂಕ ನೋಡಿದರು, ಒಂದೊಂದೇ ಕೀಲಿ ಒತ್ತಿ ಕಿವಿಗೊಟ್ಟರು. "ಇದ್ರಾಗೂ ಸ್ಪ್ರಿಂಗೇ ಸಾ, ನಮ್ ಜಾತಿದೇ" ಎಂದರು. ನಲವತ್ತೇಳು ಕೀಲಿಗಳನ್ನು ಕಿತ್ತು ಮನೆಗೆ ಒಯ್ದರು. ವಾಹನಗಳ ನಂಬರ್ ಫಲಕಕ್ಕೆ ಬಳಸುವ ಬಣ್ಣದಲ್ಲಿ, ನಾಲ್ಕೆಳೆಯ ಬ್ರಷ್ಷಿನಲ್ಲಿ, ಪ್ರತಿ ಕೀಲಿಯ ಮೂಲೆಗೂ ಕನ್ನಡ ಅಕ್ಷರ ಬರೆದರು. ಅಕ್ಷರ ಸವೆಯದಿರಲೆಂದು ಮೇಲೆ ಬಣ್ಣವಿಲ್ಲದ ಉಗುರುಬಣ್ಣ ಹಚ್ಚಿದರು. ಆ ಶೀಶೆಯ ಕಥೆಯನ್ನು ಅವರ ಪತ್ನಿ ಜೈನಾಬ್ ಬೀ ನನಗೆ ಎಷ್ಟೋ ಸಲ ಹೇಳಿದ್ದಾರೆ.

"ಜೇಬಲ್ಲಿ ಉಗುರ್ ಬಣ್ಣ ಸಿಕ್ತು ಅಣ್ಣಾರೆ. ಮದ್ವೆ ಆಗಿ ಮೂರ್ ವರ್ಸ ನಂಗೊಂದ್ ಬಳೆ ತಂದೋರಲ್ಲ. ಯಾರ್ಗೆ ಇದು ಅಂತ ಕೇಳುದ್ರೆ, ಸರ್ಕಾರಕ್ಕೆ ಅಂದ್ರು."

ಮುಂದಿನ ಗುರುವಾರ ಕೀಲಿಗಳು ಸ್ವಸ್ಥಾನಕ್ಕೆ ಬಂದವು. ಬೆರಳಚ್ಚುಗಾರರು ಕೂತರು. ಆ ನಲವತ್ತೇಳು ಕೀಲಿಗಳ ಒಂದು ಅಕ್ಷರವೂ ಮೂವತ್ತೆರಡು ವರ್ಷ ಮಾಸಲಿಲ್ಲ. ಇದು ನಾನು ಕಣ್ಣಾರೆ ಕಂಡು ಬರೆಯುತ್ತಿರುವ ಮಾತು.

ಆ ದಶಕದಲ್ಲಿ ಇನ್ನೂ ಆರು ಯಂತ್ರಗಳು ಬಂದವು. ಬೆರಳಚ್ಚು ಯಂತ್ರಗಳು ಮೂಲೆ ಸೇರಿದವು. ಕಬೀರ್ ಕಂಪ್ಯೂಟರು ಕಲಿತರು. ಯಾರೂ ಕಲಿಸಲಿಲ್ಲ, ಬಿಚ್ಚಿ ಕಲಿತರು. ಈಗ ನಾನು ಹೇಳಬೇಕಾದ ದಿನಕ್ಕೆ ಬರುತ್ತೇನೆ.

೨೦೦೪ರ ಜೂನ್ ೫, ಶನಿವಾರ. ಹೊಸ ಕಂಪ್ಯೂಟರುಗಳು ಬಂದು ಒಂದು ತಿಂಗಳಾಗಿತ್ತು. ಹಳೆಯ ಏಳೂ ಮೊಗಸಾಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಸೋಮವಾರ ಮೇಲಧಿಕಾರಿಗಳ ತಪಾಸಣೆ. ನಿಯಮದಂತೆ ಅವುಗಳ ಪಟ್ಟಿ ಮಾಡಿ, ಸಮಿತಿ ಕೂಡಿಸಿ, ನಿರುಪಯುಕ್ತವೆಂದು ಘೋಷಿಸಿ, ಹರಾಜು ಹಾಕಿ, ವಹಿಯಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕಬೇಕು. ಅದಕ್ಕೆ ಆರು ತಿಂಗಳು ಬೇಕು. ನನ್ನ ಬಳಿ ಇದ್ದದ್ದು ಒಂದು ದಿನ. ಮಳವಳ್ಳಿಯಲ್ಲೇ ಒಂದು ಪ್ರಿಂಟರು ನೋಡಲು ಬಂದಿದ್ದ ಕಬೀರರನ್ನು ಕರೆಸಿದೆ.

"ಇವನ್ನೆಲ್ಲ ನಿನ್ನ ಅಂಗಡಿಗೆ ಸಾಗಿಸಿಬಿಡು. ಕಾಗದ ಆಮೇಲೆ ಮಾಡೋಣ" ಎಂದೆ.

"ಕಾಗ್ದ ಇಲ್ದೆ ಎಂಗ್ ಸಾ?"

"ನಾನಿದ್ದೇನಲ್ಲ."

ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ 'ಕಾಗದ ಆಮೇಲೆ' ಎಂಬ ಪದ್ಧತಿ ಗೊತ್ತಿರುತ್ತದೆ. ಕೆಲಸ ಇಂದು ಆಗಿಬಿಡುತ್ತದೆ, ಕಾಗದ ಎಂದೂ ಆಗುವುದಿಲ್ಲ. ಏಳು ಪೆಟ್ಟಿಗೆ, ಐದು ಪರದೆ, ಏಳು ಕೀಲಿಮಣೆ, ಒಟ್ಟು ಹತ್ತೊಂಬತ್ತು ಸಾಮಾನು ಆ ಸಂಜೆ ಟೆಂಪೋ ಏರಿದವು. ತಪಾಸಣೆ ಸುಸೂತ್ರವಾಗಿ ಮುಗಿಯಿತು. ವಹಿಯಲ್ಲಿ ಅವು ಹಾಗೆಯೇ ಉಳಿದವು. ನಾನು ನಿವೃತ್ತನಾಗುವಾಗ ಅಧಿಕಾರ ವಹಿಸಿಕೊಟ್ಟ ಪಟ್ಟಿಯಲ್ಲೂ "ಇವೆ" ಎಂದೇ ಸಹಿ ಮಾಡಿದೆ. ಲೆಕ್ಕಾಚಾರದಲ್ಲಿ ಒಂದು ಸೊನ್ನೆ ತಪ್ಪಿದರೆ ಗುಮಾಸ್ತರನ್ನು ಸಂಜೆ ಏಳರವರೆಗೆ ಕೂಡಿಸುತ್ತಿದ್ದವನು ನಾನು.

ಕಬೀರ್ ಬೇಕೆಂದಿದ್ದರೆ ಆ ವಾರವೇ ಅವನ್ನು ಗುಜರಿಗೆ ಹಾಕಬಹುದಿತ್ತು. ಹಾಕಲಿಲ್ಲ. ಮದ್ದೂರಿನ ಅವರ ಅಂಗಡಿಯ ಮುಂಭಾಗದಲ್ಲಿ ಮಿಕ್ಸಿ, ಯುಪಿಎಸ್ಸು, ಪ್ರಿಂಟರುಗಳ ರಿಪೇರಿ ನಡೆಯುತ್ತದೆ. ಹಿಂದಿನ ಕೋಣೆ ಹಳೆಯ ಯಂತ್ರಗಳದ್ದು. ಆರು ಯಂತ್ರಗಳ ಒಳ್ಳೆಯ ಭಾಗಗಳನ್ನು ಬಳಸಿ ಹನ್ನೆರಡನೇ ನಂಬರನ್ನು ಅವರು ಹತ್ತೊಂಬತ್ತು ವರ್ಷ ಜೀವಂತ ಇಟ್ಟರು. ಮುಚ್ಚಿಹೋದ ಟೈಪಿಂಗ್ ಶಾಲೆಗಳಿಂದ, ಗುಜರಿಯಿಂದ, ಸೋಮನಹಳ್ಳಿಯ ಬಾಗಿಲು ಹಾಕಿದ ಒಂದು ಕಾರ್ಖಾನೆಯಿಂದ ಅವರು ಕೊಂಡೋ ಬೇಡಿಯೋ ತಂದ ಸಾಮಾನು ಇನ್ನೂ ಇಪ್ಪತ್ತೊಂಬತ್ತು. ಅವುಗಳಲ್ಲಿ ಕೀಲಿಮಣೆಗಳೇ ಇಪ್ಪತ್ತು.

ಕೀಲಿಮಣೆಯ ವಿಷಯದಲ್ಲಿ ಅವರದು ರುಚಿ ಎನ್ನಬೇಕು, ಹುಚ್ಚು ಎನ್ನಲಾರೆ. ಈಗಿನ ಅಗ್ಗದ ಕೀಲಿಮಣೆಗಳಲ್ಲಿ ಎಲ್ಲ ಕೀಲಿಗಳ ಅಡಿಗೂ ಒಂದೇ ರಬ್ಬರ್ ಹಾಳೆ. ಹಳೆಯವುಗಳಲ್ಲಿ ಪ್ರತಿ ಕೀಲಿಗೂ ತನ್ನದೇ ಸ್ಪ್ರಿಂಗು; ಒತ್ತಿದಾಗ ಅದು ಸೊಂಟ ಮುರಿದು 'ಟಕ್' ಎನ್ನುತ್ತದೆ, ಬೆರಳಿಗೆ ಉತ್ತರ ಕೊಡುತ್ತದೆ. ಮಂಡ್ಯದ ಅಂಗಡಿಯೊಂದರಿಂದ ಯಾರೋ ಹೊಸ ರಬ್ಬರಿನದೊಂದನ್ನು ತಂದು ತೋರಿಸಿದಾಗ ಕಬೀರ್ ಎರಡು ಕೀಲಿ ಒತ್ತಿ ಕೈ ತೆಗೆದರು. "ನೆನ್ನೆ ಇಡ್ಲಿ ಅದುಮ್ದಂಗೆ ಆಯ್ತದೆ" ಎಂದರು. ತಮ್ಮ ಸಂಗ್ರಹದ ಒಂದೊಂದರ ದನಿಗೂ ಅವರಲ್ಲಿ ಹೋಲಿಕೆ ಇತ್ತು. ಒಂದು ಒಣ ಅವರೆಕಾಯಿ ಸಿಡಿದಂತೆ, ಒಂದು ಅಡಕತ್ತರಿಯಂತೆ, ಇನ್ನೊಂದು ನಾಲ್ಕನೇ ಜ್ವರ ಎದ್ದ, ಅಂದರೆ ಕಡೆಯ ಪೊರೆ ಬಿಟ್ಟ, ರೇಷ್ಮೆಹುಳು ಸೊಪ್ಪು ಮೇಯುವಂತೆ. ಹನ್ನೆರಡನೇ ನಂಬರಿನ ಕೀಲಿಮಣೆಗೆ ಮಾತ್ರ ಅವರು ಹೋಲಿಕೆ ಕೊಡುತ್ತಿರಲಿಲ್ಲ. ನಾನು ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದ್ದೇನೆ: ಎರಡು ಕಿಲೋ ಮುನ್ನೂರು ಗ್ರಾಂ.

ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದ ಮೇಲೆ ಎಲ್ಲ ಕೀಲಿಮಣೆಗಳಿಗೂ ಹತ್ತು ನಿಮಿಷ 'ಕೈ ಆಡಿಸುವುದು' ಅವರ ಕ್ರಮ. ಆಡಿಸದಿದ್ದರೆ ಸ್ಪ್ರಿಂಗು ಸೆಟೆದುಕೊಳ್ಳುತ್ತದಂತೆ. ಬೆರಳಿಗೆ ಬಂದದ್ದನ್ನು ಹೊಡೆಯುತ್ತಿದ್ದರು, ಹೆಚ್ಚಾಗಿ ತಂದೆಯ ಜೊತೆ ತಿರುಗಿದ ಊರುಗಳ ಹೆಸರು: ಸೋಮನಹಳ್ಳಿ, ಮದ್ದೂರು, ಭಾರತೀನಗರ, ಮಳವಳ್ಳಿ, ಬಂಡೂರು. ೨೦೧೬ರಿಂದ ಶುಕ್ರವಾರಗಳಲ್ಲಿ ನಾನೂ ಬಸ್ಸು ಹಿಡಿದು ಅಲ್ಲಿಗೆ ಹೋಗತೊಡಗಿದೆ. ನಿವೃತ್ತನಾದವನಿಗೆ ಕಚೇರಿಯ ಸದ್ದು ಎಷ್ಟು ಬೇಕಾಗುತ್ತದೆ ಎಂಬುದು ಅಲ್ಲಿ ಕೂತ ಮೇಲೆ ತಿಳಿಯಿತು.

೨೦೨೨ರ ಮಳೆಗಾಲದಲ್ಲಿ ಓಣಿಯ ಚರಂಡಿಯನ್ನು ಎತ್ತರಿಸಿ ಕಟ್ಟಿದರು. ಆ ವರ್ಷದಿಂದ ಹಿಂದಿನ ಕೋಣೆಯ ಗೋಡೆ ಮೊಣಕಾಲೆತ್ತರಕ್ಕೆ ನೀರು ಕುಡಿಯಿತು. ಯಂತ್ರಗಳನ್ನು ಇಟ್ಟಿಗೆಯ ಮೇಲೆ ಏರಿಸಿದರು. ಆದರೂ ಕೆಳಸಾಲಿನ ಎರಡು ಕೀಲಿಮಣೆಗಳಿಗೆ ತುಕ್ಕು ಬಂತು. ಕಬೀರ್ ಅವನ್ನು ಒರೆಸಿ ಎಣ್ಣೆ ಬಿಟ್ಟರು. ನಾನು ಸುಮ್ಮನಿರಲಿಲ್ಲ.

"ಒಂದು ಮನವಿ ಬರೆಯುತ್ತೇನೆ. ಸರ್ಕಾರಿ ಕಟ್ಟಡದಲ್ಲಿ ಖಾಲಿ ಬಿದ್ದಿರುವ ಒಂದು ಒಣ ಕೋಣೆ ಕೊಡಲಿ. ಶಾಲೆಯ ಮಕ್ಕಳು ಬಂದು ನೋಡಲಿ" ಎಂದೆ.

"ಬ್ಯಾಡ ಬುಡಿ ಸಾ. ಸರ್ಕಾರಕ್ ನಾವ್ ಇದೀವಿ ಅಂತ ಗೊತ್ತಾಗ್ದೆ ಇರಾದೇ ಒಳ್ಳೇದು."

"ಅದಕ್ಕೇ ನಿನ್ನ ಗೋಡೆ ನೆನೆಯುತ್ತಿರುವುದು."

"ಗ್ವಾಡೆ ನೆನೀಲಿ. ಒಣಗ್ತದೆ."

ನಾನು ಕೇಳಲಿಲ್ಲ. ಮನವಿ ಎಂದರೆ ಅನುಬಂಧ ಇರಬೇಕು, ಅನುಬಂಧ ಎಂದರೆ ಪ್ರತಿ ಸಾಮಾನಿನ ವಿವರ ಇರಬೇಕು ಎಂಬುದು ನನ್ನ ನಂಬಿಕೆ. ಎರಡು ಶುಕ್ರವಾರ ಕೂತು ಪಟ್ಟಿ ಮಾಡಿದೆವು. ಅವರು ಟಾರ್ಚು ಹಿಡಿದು, ಧೂಳು ಒರೆಸಿ, ಸಾಮಾನುಗಳ ಬೆನ್ನಿನ ನಂಬರು ಓದಿದರು, ನಾನು ಬರೆದುಕೊಂಡೆ. "ನಿಮ್ ಬಿಳಿ ಬಣ್ಣ ಇನ್ನೂ ಅಂಗೇ ಅದೆ ನೋಡಿ ಸಾ" ಎಂದರು. ನನಗೆ ಹೆಮ್ಮೆಯೇ ಆಯಿತು. ನಲವತ್ತೆಂಟು ಸಾಮಾನುಗಳ ಪಟ್ಟಿಯನ್ನು ಅಂದವಾಗಿ ಟೈಪು ಮಾಡಿಸಿ, ೨೦೨೩ರ ಜುಲೈ ೧೭ರಂದು ನೋಂದಾಯಿತ ಅಂಚೆಯಲ್ಲಿ ಜಿಲ್ಲೆಯ ಮೇಲಧಿಕಾರಿಗಳಿಗೆ ಕಳುಹಿಸಿದೆ.

ಆರು ತಿಂಗಳು ಉತ್ತರವಿಲ್ಲ. ನನ್ನ ಮನವಿ ಮೇಜಿನಿಂದ ಮೇಜಿಗೆ ಇಳಿದು ಕಡೆಗೆ ನನ್ನದೇ ಹಳೆಯ ಕಚೇರಿಗೆ "ಪರಿಶೀಲನೆಗಾಗಿ" ಬಂತು. ಅಲ್ಲಿ ಯಾರೋ ಅನುಬಂಧವನ್ನೂ ಆಸ್ತಿ ವಹಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಹತ್ತೊಂಬತ್ತು ಸಾಮಾನುಗಳು ತಾಳೆಯಾದವು. ಯಾವುದೇ ಆದೇಶವಿಲ್ಲದೆ ಸರ್ಕಾರದ ಸ್ವತ್ತು ಖಾಸಗಿ ವ್ಯಕ್ತಿಯ ಅಂಗಡಿಯಲ್ಲಿದೆ ಎಂಬುದಕ್ಕೆ ನನ್ನ ಪಟ್ಟಿಗಿಂತ ಸ್ಪಷ್ಟವಾದ ದಾಖಲೆ ಬೇಕಿರಲಿಲ್ಲ.

೨೦೨೪ರ ಫೆಬ್ರವರಿ ೯, ಶುಕ್ರವಾರ. ನಾನು ಅಂಗಡಿ ತಲುಪುವ ಹೊತ್ತಿಗೆ ಕಚೇರಿಯ ಜೀಪು ಬಂದು ಹೋಗಿತ್ತು. ಹತ್ತೊಂಬತ್ತು ಸಾಮಾನು ಒಯ್ದಿದ್ದರು. ಒಬ್ಬ ಪೊಲೀಸಿನವರೂ ಜೊತೆಗಿದ್ದರಂತೆ. ಓಣಿಗೆ ಓಣಿಯೇ ನಿಂತು ನೋಡಿತ್ತು. ಕಬೀರ್ ಖಾಲಿ ಇಟ್ಟಿಗೆಗಳನ್ನು ಒಂದು ಕಡೆ ಜೋಡಿಸುತ್ತಿದ್ದರು. ಜೈನಾಬ್ ಬೀ ಬಾಗಿಲಲ್ಲಿ ನಿಂತೇ ಮಾತನಾಡಿದರು.

"ಇಷ್ಟ್ ವರ್ಸ ಈ ಗಲ್ಲೀಲಿ ನಮ್ಮನೆ ಮುಂದೆ ಪೊಲೀಸ್ ನಿಂತಿರ್ನಿಲ್ಲ ಅಣ್ಣಾರೆ. ನಿಮ್ ಕಾಗ್ದ ಕರ್ಕೊಂಡ್ ಬಂತು."

"ಸುಮ್ನಿರು" ಎಂದರು ಕಬೀರ್.

"ನಾನ್ಯಾಕ್ ಸುಮ್ನಿರ್ಲಿ. ಬ್ಯಾಡ ಅಂದಿದ್ರಿ ನೀವು. ನಂಗ್ ಕೇಳ್ಸಿತ್ತು."

ಕಬೀರ್ ಕೇಳಿದ್ದು ಒಂದೇ. "ಬೇರೇವೆಲ್ಲ ಓಗ್ಲಿ ಸಾ. ಅವು ಬರೀ ಮೂಳೆ. ಅನ್ನೆರಡು ನಡೀತಾ ಅದೆ. ಅದೊಂದ್ ವಾಪಸ್ ಬತ್ತದಾ ಕೇಳಿ."

ಕೇಳಲು ಹೊರಟೆ. ಮಾರ್ಚ್ ೪ರ ಸೋಮವಾರ ನನ್ನ ಹಳೆಯ ಕಚೇರಿಗೆ ಹೋದೆ. ಈಗಿನ ಅಧಿಕಾರಿ ಸೌಮ್ಯ ಎಂಬ ಮೂವತ್ತೆರಡು ಮೂವತ್ತಮೂರರ ಹೆಣ್ಣುಮಗಳು. ಎದ್ದು ನಿಂತು ಕುರ್ಚಿ ಕೊಟ್ಟರು, ಎಳನೀರು ತರಿಸಿದರು. ಅವರ ಮೇಲೆ ವೈಯಕ್ತಿಕವಾಗಿ ನನಗೆ ದೂರಿಲ್ಲ. ಎರಡು ಪುಟದ ಹೇಳಿಕೆಯನ್ನು ಅವರ ಮುಂದಿಟ್ಟೆ: ೨೦೦೪ರ ಜೂನ್ ೫ರಂದು ಈ ಹತ್ತೊಂಬತ್ತು ಸಾಮಾನುಗಳನ್ನು ಸ್ವಂತ ಹೊಣೆಯಲ್ಲಿ ಕೊಟ್ಟವನು ನಾನು, ಕಬೀರ್ ಕಾಗದ ಕೇಳಿದ್ದರು, ಕೊಡದಿದ್ದವನೂ ನಾನೇ. ಇದರಲ್ಲಿ ಧೈರ್ಯವೇನೂ ಇರಲಿಲ್ಲವೆಂದು ಓದುಗರು ತಿಳಿಯಬೇಕು. ನಾಲ್ಕು ವರ್ಷಕ್ಕಿಂತ ಹಳೆಯ ಘಟನೆಗೆ ನಿವೃತ್ತ ನೌಕರನ ಮೇಲೆ ಇಲಾಖಾ ವಿಚಾರಣೆ ಹೂಡಲು ನಿಯಮದಲ್ಲಿ ಅವಕಾಶವಿಲ್ಲ. ಅದನ್ನು ಖಚಿತ ಮಾಡಿಕೊಂಡೇ ಹೋಗಿದ್ದೆ.

ಸೌಮ್ಯ ಎರಡೂ ಪುಟ ಓದಿದರು. "ಸರ್, ಇದನ್ನು ಕಡತಕ್ಕೆ ಸೇರಿಸಿದರೆ ಆಗಿನ ಅಧಿಕಾರಿಯ ಆದೇಶ ಎಲ್ಲಿ ಅಂತಾರೆ. ನಿಮ್ಮ ನಂತರ ಬಂದ ಐದು ಜನ ಸಾಮಾನು ನೋಡದೆ 'ಇವೆ' ಅಂತ ಸಹಿ ಹಾಕಿದ್ದಾರೆ. ಅವರಲ್ಲಿ ಇಬ್ಬರು ಇನ್ನೂ ಸರ್ವೀಸಲ್ಲಿದ್ದಾರೆ. ಎಲ್ಲರನ್ನೂ ಎಳೀಬೇಕಾಗುತ್ತೆ."

"ಎಳೆಯಿರಿ."

"ನಿಮಗೆ ಹೇಳೋದು ಸುಲಭ ಸರ್." ನನ್ನ ಹೇಳಿಕೆಯನ್ನು ನನ್ನ ಕಡೆಗೇ ಸರಿಸಿದರು. "ಚುನಾವಣೆ ದಿನಾಂಕ ಯಾವತ್ತಾದರೂ ಬರಬಹುದು. ಆ ಸಾಮಾನು ಇಟ್ಟಿರೋ ರೂಮು ನನಗೆ ಬೇಕು. ಹದಿನಾಲ್ಕಕ್ಕೆ ಲಾರಿ ಬರುತ್ತೆ, ಹಳೇ ಎಲೆಕ್ಟ್ರಾನಿಕ್ ಸಾಮಾನೆಲ್ಲ ಒಡೆಯೋಕೆ ಹೋಗುತ್ತೆ. ಅಷ್ಟರಲ್ಲಿ ಆ ಸಾಬರು ಒಂದು ಕಾಗದ ಕೊಡಲಿ. 'ಅನುಮತಿ ಇಲ್ಲದೆ ಒಯ್ದಿದ್ದೆ, ಈಗ ಸ್ವಇಚ್ಛೆಯಿಂದ ಒಪ್ಪಿಸಿದ್ದೇನೆ' ಅಂತ ಒಂದು ಸಾಲು. ವಹಿ ಸರಿಹೋಗುತ್ತೆ, ನಾನು ಮುಂದೆ ಕೇಸು ಮಾಡಲ್ಲ. ಅವರು ಕೇಳ್ತಿರೋ ಆ ಒಂದನ್ನ ಪ್ರದರ್ಶನಕ್ಕೆ ಅಂತ ಅವರ ಸುಪರ್ದಿಗೇ ಕೊಡ್ತೀನಿ. ನನ್ನ ಅಧಿಕಾರದಲ್ಲಿ ಆಗೋದು ಇಷ್ಟೇ."

ಬಸ್ಸಿನಲ್ಲಿ ಕೂತು ಅದರ ಬಗ್ಗೆ ಯೋಚಿಸಿದೆ. ಒಂದು ಸಾಲು. ಕೇಸಿಲ್ಲ. ಯಂತ್ರ ವಾಪಸು. ಭಾರತೀನಗರ ಬರುವ ಹೊತ್ತಿಗೆ ಜೇಬಿನ ಡೈರಿಯ ಹಾಳೆ ಹರಿದು ಕರಡು ಬರೆದಿದ್ದೆ. ಮದ್ದೂರಿನಲ್ಲಿ ಇಳಿದು ಅದನ್ನು ಬಿಳಿ ಹಾಳೆಯ ಮೇಲೆ ನಕಲು ಮಾಡಿ ಕಬೀರ್ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದರು.

"ಇದು ನೀವೇ ಬರ್ದಿದ್ದಾ ಸಾ?"

"ಹೌದು."

"ಅಕ್ಸರ ಚೆನ್ನಾಗದೆ." ಹಾಳೆಯನ್ನು ಮೇಜಿನ ಮೇಲಿಟ್ಟರು. "ಅನುಮತಿ ಇಲ್ದೆ ಒಯ್ದೆ ಅಂತ ಅದೆ."

"ಅದು ಬರೀ ಕಡತಕ್ಕೆ, ಕಬೀರ್. ಯಾರೂ ಓದುವುದಿಲ್ಲ."

"ನಿಮ್ ಪಟ್ಟೀನೂ ಯಾರೂ ಓದಕಿಲ್ಲ ಅನ್ಕೊಂಡಿದ್ವಿ."

ನಾನು ವಾದಿಸಿದೆ. ಹತ್ತು ದಿನದಲ್ಲಿ ಲಾರಿ ಬರುತ್ತದೆ ಎಂದೆ. ನಿನ್ನ ಕೈಬರಹದ ನಲವತ್ತೇಳು ಕೀಲಿಗಳನ್ನು ಸುತ್ತಿಗೆಯಿಂದ ಒಡೆಯುತ್ತಾರೆ ಎಂದೆ. ಮೂವತ್ತೈದು ವರ್ಷದ ಸೇವೆಯಲ್ಲಿ ಒಂದು ಸುಳ್ಳು ಪ್ರಮಾಣಪತ್ರಕ್ಕೆ ಸಹಿ ಕೇಳಿ ಬಂದವರನ್ನು ಹೊರಗೆ ಕಳಿಸುತ್ತಿದ್ದವನು, ಆ ಮಧ್ಯಾಹ್ನ ಒಬ್ಬ ಸತ್ಯವಂತನ ಎದುರು ಕೂತು ಸುಳ್ಳಿಗೆ ಸಹಿ ಹಾಕೆಂದು ಒಂದು ಗಂಟೆ ಬೇಡಿದೆ. ಯಂತ್ರ ಉಳಿಯಲಿ ಎಂಬ ಆಸೆ ನಿಜ. ನನ್ನ ತಪ್ಪು ಕಡತದೊಳಗೆ ಮುಚ್ಚಿಹೋಗಲಿ ಎಂಬುದೂ ಅದರಲ್ಲಿ ಬೆರೆತಿತ್ತು ಎಂಬುದನ್ನು ಈಗ ಮರೆಮಾಚುವುದಿಲ್ಲ.

ಕಬೀರ್ ಎಲ್ಲ ಕೇಳಿ ಗೋಡೆಗೆ ನೇತುಹಾಕಿದ್ದ ಖಾಕಿ ಚೀಲದ ಕಡೆ ಕೈ ತೋರಿಸಿದರು.

"ನಮ್ಮಪ್ಪ ಮೂವತ್ ವರ್ಸ ಆ ಬ್ಯಾಗ್ ಆಕ್ಕೊಂಡ್ ಕಚೇರಿಗ್ ಓಗ್ತಿದ್ದ, ಬತ್ತಿದ್ದ. ಗೇಟಲ್ಲಿ ಒಂದಿನ ಬ್ಯಾಗ್ ಬಿಚ್ಚಿ ತೋರ್ಸು ಅಂದೋರಿಲ್ಲ. ನಂಗೂ ಅಂದಿಲ್ಲ. ಈಗ ನಾನ್ ಇದ್ಕೆ ಸೈನ್ ಆಕುದ್ರೆ, ಅವ್ನ ಬ್ಯಾಗ್ ಬಿಚ್ಚಿ ಬೀದೀಲ್ ಸುರುದ್ ಅಂಗೆ."

"ಹಾಗಾದರೆ ಯಂತ್ರ ಹೋಗುತ್ತದೆ."

"ಓಯ್ತದೆ."

ಜೈನಾಬ್ ಬೀ ಅಷ್ಟು ಹೊತ್ತೂ ಒಳಗಿಂದ ಕೇಳಿಸಿಕೊಂಡಿದ್ದರು. ಹೊರಗೆ ಬಂದು ಮೇಜಿನ ಮೇಲಿದ್ದ ಹಾಳೆಯನ್ನು ಮಡಿಸಿ ನನ್ನ ಕೈಗೆ ವಾಪಸು ಕೊಟ್ಟರು.

ಮುಂದಿನ ಹತ್ತು ದಿನಗಳಲ್ಲಿ ನಾನು ಮಂಡ್ಯದಲ್ಲಿ ಮೂರು ಕಚೇರಿಗಳ ಮೆಟ್ಟಿಲು ಹತ್ತಿದೆ. ನನ್ನ ಹೇಳಿಕೆಯ ಪ್ರತಿಯನ್ನು ಎಲ್ಲರೂ ತೆಗೆದುಕೊಂಡರು, ಯಾರೂ ಸ್ವೀಕೃತಿ ಕೊಡಲಿಲ್ಲ. ಇದಕ್ಕಿಂತ ಹೆಚ್ಚಿಗೆ ಆ ದಿನಗಳ ಬಗ್ಗೆ ಹೇಳಲು ಏನೂ ಇಲ್ಲ.

ಮಾರ್ಚ್ ೧೪, ಗುರುವಾರ. ಹನ್ನೊಂದು ಗಂಟೆಗೆ ಲಾರಿ ಕಚೇರಿಯ ಆವರಣದಲ್ಲಿ ನಿಂತಿತ್ತು. ಮುರಿದ ಪ್ರಿಂಟರು, ಫ್ಯಾನು, ಟ್ಯೂಬ್‌ಲೈಟಿನ ಪಟ್ಟಿಗಳು ಆಗಲೇ ಅದರೊಳಗೆ ಬಿದ್ದಿದ್ದವು. ನಾನು ಬಂದದ್ದು ಏಕೆಂದು ನನಗೇ ತಿಳಿದಿರಲಿಲ್ಲ. ಜಗುಲಿಯಲ್ಲಿ ಕಬೀರ್ ನಿಂತಿದ್ದರು, ಹೆಗಲಲ್ಲಿ ಚೀಲ. ಅವರನ್ನು ಯಾರೂ ಕರೆದಿರಲಿಲ್ಲ. ರಂಜಾನಿನ ಮೂರನೇ ಉಪವಾಸ, ತುಟಿ ಒಣಗಿತ್ತು.

ಚಿಕ್ಕಬೋರಯ್ಯ ಎಂಬ ಬಂಡೂರಿನ ಜವಾನ ಒಳಗಿಂದ ಸಾಮಾನು ಹೊರುತ್ತಿದ್ದ. ಇಬ್ಬರೂ ಇಪ್ಪತ್ತು ವರ್ಷದ ಪರಿಚಯದವರು.

"ಲೇ ಕಬೀರ, ಏನ್ಲಾ ಈ ಕೀಬೋರ್ಡು ನಮ್ಮೂರ್ ಟಗರ್ ತೂಗ್ದಂಗ್ ತೂಗ್ತದೆ. ಒಳಗೇನ್ ಮಡ್ಗಿದ್ದೀಯ?"

"ಕಬ್ಣ ಕಣ್ಲಾ. ಎರಡ್ ಕೈಲಿ ಇಡ್ಕೊ."

"ಒಡ್ಯಾಕೆ ಓಯ್ತಾ ಇರೋದು ಕಣಪ್ಪ. ಒಂದ್ ಕೈ ಸಾಕು."

"ಎರಡ್ ಕೈಲಿ ಇಡ್ಕೊ ಅಂದೆ."

ಚಿಕ್ಕಬೋರಯ್ಯ ಎರಡು ಕೈಯಲ್ಲಿ ಹಿಡಿದುಕೊಂಡ.

ಸೌಮ್ಯ ಹೊರಗೆ ಬಂದರು. ಕಬೀರರನ್ನು ಕಂಡು, ಕಾಗದ ತಂದಿದ್ದಾರೆಂದು ಭಾವಿಸಿ, ಅವರ ಮುಖ ಸ್ವಲ್ಪ ಹಗುರವಾಯಿತು. "ಬರೆದುಕೊಂಡು ಬಂದ್ರಾ?"

"ಇಲ್ಲಮ್ಮ. ಅತ್ ನಿಮಿಸ ಬೇಕಿತ್ತು. ಅನ್ನೆರಡನೇದನ್ನ ಲಾರಿಗ್ ಆಕೋಕ್ ಮುಂಚೆ ಒಂದ್ಸಲ ಆನ್ ಮಾಡ್ಬೇಕು."

"ಯಾಕೆ?"

ಅವರು ವಿವರಿಸಿದರು. ಅಂಥ ಹಳೆಯ ಯಂತ್ರದೊಳಗೆ ಮಾಹಿತಿ ಹಿಡಿದಿಡುವ ಒಂದು ತಟ್ಟೆ ಇರುತ್ತದೆ. ಅದರ ಮೇಲೆ ಕೂದಲಿಗಿಂತ ಕಡಿಮೆ ಅಂತರದಲ್ಲಿ ಒಂದು ಮುಳ್ಳು ತೇಲುತ್ತಿರುತ್ತದೆ. ಹಾಗೆಯೇ ಎತ್ತಿ ಸಾಗಿಸಿದರೆ ಕುಲುಕಾಟಕ್ಕೆ ಮುಳ್ಳು ತಟ್ಟೆಯನ್ನು ಗೀರಿಬಿಡುತ್ತದೆ. ಆದ್ದರಿಂದ ಜಾಗ ಬದಲಿಸುವ ಮುಂಚೆ ಮುಳ್ಳನ್ನು ಬದಿಗೆ ಸರಿಸಿ ನಿಲ್ಲಿಸೆಂದು ಯಂತ್ರಕ್ಕೆ ಹೇಳಬೇಕು. ಹೊಸ ಯಂತ್ರಗಳು ತಾವೇ ಮಾಡಿಕೊಳ್ಳುತ್ತವೆ. ಇದಕ್ಕೆ ಕೈಯಿಂದ ಹೇಳಬೇಕು. ಫೆಬ್ರವರಿಯಲ್ಲಿ ಜೀಪಿನವರು ಕಾಯಲಿಲ್ಲ. ಈ ಸಲವಾದರೂ ಮಾಡಬೇಕು.

ಸೌಮ್ಯ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. "ಅದನ್ನ ಒಡೆಯೋದಕ್ಕೇ ಒಯ್ಯೋದು, ಗೊತ್ತಲ್ಲ?" ಎಂದರು, ಮೆಲ್ಲಗೆ.

"ಗೊತ್ತು ಕಣಮ್ಮ."

ಅವರು ಅನುಮತಿ ಕೊಟ್ಟರು. ಚಿಕ್ಕಬೋರಯ್ಯ ಕಿಟಕಿಯಿಂದ ವೈರು ಎಳೆದುಕೊಟ್ಟ. ಜಗುಲಿಯ ಬೆಂಚಿನ ಮೇಲೆ ಪೆಟ್ಟಿಗೆ, ಅದರ ಮೇಲೆ ಪರದೆ, ಮುಂದೆ ಕೀಲಿಮಣೆ. ಕಬೀರ್ ಚೀಲದಿಂದ ಬ್ರಷ್ಷು ತೆಗೆದು ಕೀಲಿಗಳ ನಡುವಿನ ಧೂಳು ಹೊಡೆದರು. ಗುಂಡಿ ಒತ್ತಿದರು. ಫ್ಯಾನು ತಿರುಗಿತು. ತಟ್ಟೆಯ ಸದ್ದು ಸಣ್ಣ ಸಿಳ್ಳೆಯಂತೆ ಏರಿ ನಿಂತಿತು. ಪರದೆ ಬೆಚ್ಚಗಾಗಲು ಅರ್ಧ ನಿಮಿಷ ಹಿಡಿಯಿತು. ಆಮೇಲೆ ಅರಿಸಿನದ ಅಕ್ಷರಗಳಲ್ಲಿ ಯಂತ್ರ ಇಂದಿನ ತಾರೀಖು ಏನೆಂದು ಕೇಳಿತು. ಆರಿಸಿ ಹಚ್ಚಿದಾಗಲೆಲ್ಲ ಅದು ೧೯೮೦ರ ಜನವರಿ ಒಂದಕ್ಕೆ ಹಿಂದಿರುಗಿಬಿಡುತ್ತಿತ್ತು.

"ತಾರೀಕೂ ಗೊತ್ತಿಲ್ವಾ ಅದ್ಕೆ?" ಎಂದ ಚಿಕ್ಕಬೋರಯ್ಯ.

"ಏಳುದ್ರೆ ತಿಳ್ಕೊತದೆ."

ಕಬೀರ್ ಆ ದಿನದ ತಾರೀಖು ಹೊಡೆದರು. ಬರೀ ಒಂದು ಗುಂಡಿ ಒತ್ತಿ ಮುಂದಕ್ಕೆ ಹೋಗಬಹುದಿತ್ತು, ಪೂರ್ತಿ ಹೊಡೆದರು. ಆಮೇಲೆ ಮುಳ್ಳು ಸರಿಸುವ ಆಜ್ಞೆಯ ನಾಲ್ಕು ಅಕ್ಷರ. ಆ ಸದ್ದಿಗೆ ಒಳಗಿದ್ದ ಇಬ್ಬರು ಗುಮಾಸ್ತರು ಕಿಟಕಿಗೆ ಬಂದರು. 'ಕಟ್' ಎಂದು ಒಳಗೆ ಏನೋ ಕೂತಿತು. ಅವರು ಗುಂಡಿ ಆರಿಸಿದರು. ಸಿಳ್ಳೆ ಇಳಿದು ಇಳಿದು ನಿಂತಿತು. ಅದು ಪೂರ್ತಿ ನಿಲ್ಲುವವರೆಗೂ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡಿದ್ದರು.

ಲಾರಿಗೆ ಅವರೇ ಹೊತ್ತರು. ಅರವತ್ತು ದಾಟಿದ, ನೀರೂ ಕುಡಿಯದ ಮನುಷ್ಯ. ನಾನು ಒಂದು ಬದಿ ಹಿಡಿಯಲು ಹೋದಾಗ ತಲೆಯಾಡಿಸಿದರು. ಲಾರಿಯ ಮೂಲೆಯಲ್ಲಿ ಒಂದು ಗೋಣಿಚೀಲ ಮಡಿಸಿ ಹಾಸಿ, ಅದರ ಮೇಲೆ ಪೆಟ್ಟಿಗೆಯನ್ನು ನೇರವಾಗಿ ಕೂಡಿಸಿದರು. ಕೀಲಿಮಣೆಯ ವೈರನ್ನು ಸುತ್ತಿ ಕಟ್ಟಿ ಪಕ್ಕದಲ್ಲಿಟ್ಟರು.

ಲಾರಿಯವನು ನಕ್ಕ. "ಒಡ್ಯೋ ಮಾಲ್ಗೆ ಯಾಕ್ ಸಾಬ್ರೆ ಇಷ್ಟು?"

"ಒಡ್ಯೋದು ನಿನ್ ಕೆಲ್ಸ" ಎಂದರು ಕಬೀರ್. "ನಾನ್ ಕೊಡಾಗ ಸರ್ಯಾಗ್ ಕೊಡ್ಬೇಕು."

ಲಾರಿ ಹನ್ನೆರಡು ನಲವತ್ತಕ್ಕೆ ಹೊರಟಿತು. ಕಬೀರ್ ನಲ್ಲಿಯಲ್ಲಿ ಕೈ ತೊಳೆದುಕೊಂಡು, ನನಗೆ ಹೇಳಿ, ಬಸ್ ನಿಲ್ದಾಣದ ಕಡೆ ನಡೆದರು. ಜೊತೆಗೆ ಬರಲೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆ ಮಧ್ಯಾಹ್ನವೇ ಸೌಮ್ಯ ಅವರ ಅನುಮತಿ ಪಡೆದು ಆಸ್ತಿ ವಹಿಯನ್ನು ತೆರೆದು ನೋಡಿದೆ. ಹತ್ತೊಂಬತ್ತು ಸಾಮಾನುಗಳ ಮುಂದೆ ಕೆಂಪು ಶಾಯಿಯಲ್ಲಿ "ವಶಪಡಿಸಿಕೊಂಡು ವಿಲೇವಾರಿ ಮಾಡಲಾಗಿದೆ" ಎಂದಿದೆ. "ಯಾರಿಂದ" ಎಂಬ ಕಾಲಮ್ಮಿನಲ್ಲಿ ಕಬೀರರ ಹೆಸರು, ತಂದೆಯ ಹೆಸರು, ಮದ್ದೂರು. ನನ್ನ ಹೆಸರು ಆ ಪುಟದಲ್ಲಿ ಎಲ್ಲಿಯೂ ಇಲ್ಲ. ಕಬೀರ್ ಸಹಿ ಮಾಡಲು ಒಪ್ಪದಿದ್ದರೂ ಕಚೇರಿಯವರು ಅವರ ತಂದೆಯ ಚೀಲವನ್ನು ಅಲ್ಲಿ ಬಿಚ್ಚಿಯೇ ಬಿಟ್ಟಿದ್ದಾರೆ. ಆ ನಮೂದು ಸುಳ್ಳು. ತಿದ್ದಬೇಕೆಂದು ಎರಡು ಪತ್ರ ಬರೆದಿದ್ದೇನೆ, ೨೦೨೪ರ ಏಪ್ರಿಲ್ ೨ ಮತ್ತು ಆಗಸ್ಟ್ ೧೯ರಂದು. ಉತ್ತರ ಬಂದಿಲ್ಲ. ಈ ಸಲ ಕಬೀರರನ್ನು ಕೇಳಿಯೇ ಬರೆದೆ. "ಬರ್ಕೊಳಿ ಸಾ" ಎಂದರು, "ಅದು ನಿಮ್ ಕಾಗ್ದ."